ಮುಚ್ಚಿಡೋದಕ್ಕೆ ದಿನಾ ಎಷ್ಟು ದುಡಿಯುತ್ತೀರಿ?

(ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ವಿದ್ಯಾರ್ಥಿಗಳು ಕೇಳಿದ ಎರಡು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ಶರಣು. ಫ್ಯಾನ್ ಸದ್ದಿಗೆ ಹಿಂದಿನ ಬೆಂಚಿನವರಿಗೆ ಮಾತು ಕೇಳಿಸದಿದ್ದರೆ ಕೈ ಎತ್ತಿ, ನಾನೇ ಜೋರಾಗಿ ಮಾತಾಡುತ್ತೇನೆ. ಫ್ಯಾನ್ ಮಾತ್ರ ಬಂದ್ ಮಾಡಬೇಡಿ. ಈ ಬಿಸಿಲಿನಲ್ಲಿ ಅದು ಆಗದ ಮಾತು.

ನಮ್ಮನ್ನು ನಾವು ಒಪ್ಪಿಕೊಳ್ಳುವುದು ಹೇಗೆ, ಇದು ನಿಮ್ಮ ಪ್ರಿನ್ಸಿಪಾಲರು ಕೊಟ್ಟ ವಿಷಯ. ಇದರ ಬಗ್ಗೆ ಯೂಟ್ಯೂಬ್‌ನಲ್ಲಿ ಬೇಕಾದಷ್ಟು ವಿಡಿಯೊ ಸಿಗುತ್ತವೆ. ಬೆಳಿಗ್ಗೆ ಎದ್ದು ಕನ್ನಡಿ ಮುಂದೆ ನಿಂತು ‘ನಾನು ಚೆನ್ನಾಗಿದ್ದೀನಿ’ ಅಂತ ಹತ್ತು ಸಲ ಹೇಳಿಕೊಳ್ಳಿ ಅನ್ನುತ್ತಾರೆ. ಹೇಳಿಕೊಳ್ಳಿ, ಗಂಟೇನೂ ಹೋಗಲ್ಲ. ಆದರೆ ಕಾಲೇಜಿನ ಗೇಟಿನಲ್ಲಿ ಯಾರೋ ಒಬ್ಬ ‘ಇವನ ಇಂಗ್ಲಿಷ್ ಕೇಳ್ರಲೇ’ ಅಂತ ನಕ್ಕರೆ ಆ ಹತ್ತು ಸಲದ್ದೂ ಅಲ್ಲೇ ಇಳಿದುಹೋಗುತ್ತದೆ, ಅಲ್ವಾ? ಕನ್ನಡಿಯ ಮೇಲೆ ನನಗೆ ಅಷ್ಟು ಭರವಸೆ ಇಲ್ಲ. ನಾವು ಏನನ್ನು ಮುಚ್ಚಿಡುತ್ತೇವೆ, ಯಾರಿಂದ ಮುಚ್ಚಿಡುತ್ತೇವೆ, ಅದಕ್ಕೆ ದಿನಾ ಎಷ್ಟು ದುಡಿಯುತ್ತೇವೆ, ಇದನ್ನು ನೋಡೋಣ.

ನಿಮ್ಮಲ್ಲಿ ಬಹಳ ಮಂದಿ ಈಗ ನೌಕರಿ ಅರ್ಜಿ ತುಂಬುವ ಅವಸರದಲ್ಲಿದ್ದೀರಿ. ಪಾಸ್‌ಪೋರ್ಟ್ ಸೈಜ್ ಫೋಟೊ ಬೇಕು. ನಾನೂ ಮೊನ್ನೆ ಬ್ಯಾಂಕಿಗೆ ಕೊಡಲು ಫೋಟೊ ತೆಗೆಸಲು ಒಂದು ಸ್ಟುಡಿಯೊಕ್ಕೆ ಹೋಗಿದ್ದೆ. ನನಗಿಂತ ಮುಂಚೆ ಒಬ್ಬ ಹುಡುಗಿ ಕೂತಿದ್ದಳು. ಕಂಪ್ಯೂಟರ್ ಮುಂದಿದ್ದ ಹುಡುಗ ಅವಳ ಫೋಟೊ ತೆರೆದ. ಹಿಂದಿನ ಪರದೆ ಕತ್ತರಿಸಿ ನೀಲಿ ಬಣ್ಣ ಹಾಕಿದ. ಆಮೇಲೆ ಯಾರನ್ನೂ ಕೇಳದೆ ಮೌಸ್ ಎಳೆದ, ಮುಖ ಬೆಳ್ಳಗಾಯಿತು. ಕುತ್ತಿಗೆ ಹಾಗೇ ಉಳಿದಿತ್ತು. ನೋಡಿದ, ಕುತ್ತಿಗೆಯ ಮೇಲೂ ಒಮ್ಮೆ ಎಳೆದ. ಕಿವಿ ಮರೆತ. ಹುಡುಗಿ ಸುಮ್ನೆ ನೋಡುತ್ತಿದ್ದಳು, ಬೇಕು ಅನ್ನಲಿಲ್ಲ, ಬೇಡವೂ ಅನ್ನಲಿಲ್ಲ. ನನ್ನ ಸರದಿ ಬಂದಾಗ ಕೇಳಿದೆ, ‘ತಮ್ಮಾ, ಕೇಳದೇ ಯಾಕ ಬೆಳ್ಳಗ ಮಾಡ್ತಿ?’ ಅಂತ. ‘ಮಾಡ್ಲಿಲ್ಲಂದ್ರ ವಾಪಸ್ ತಗೊಂಡು ಬರ್ತಾರ್ರೀ ಮೇಡಂ’ ಅಂದ. ಅವನದೇನೂ ತಪ್ಪಿಲ್ಲ. ಗಿರಾಕಿ ಬಾಯಿಬಿಟ್ಟು ಕೇಳುವ ಮೊದಲೇ ಮನಸ್ಸಿನಲ್ಲಿರುವುದನ್ನು ಮಾಡಿಕೊಡುವುದನ್ನು ಅವನು ಕಲಿತಿದ್ದಾನೆ. ಪಜೀತಿ ಆಗುವುದು ಪರೀಕ್ಷಾ ಹಾಲಿನಲ್ಲಿ. ಮೇಲ್ವಿಚಾರಕರು ಹಾಲ್ ಟಿಕೆಟ್ ನೋಡುತ್ತಾರೆ, ನಿಮ್ಮ ಮುಖ ನೋಡುತ್ತಾರೆ, ಮತ್ತೆ ಹಾಲ್ ಟಿಕೆಟ್ ನೋಡುತ್ತಾರೆ.

‘ಫೇರ್ ಅಂಡ್ ಲವ್ಲಿ’ ಈ ದೇಶದ ಪೇಟೆಗೆ ಬಂದದ್ದು 1975ರಲ್ಲಿ. 2020ರಲ್ಲಿ ಬಣ್ಣದ ತಾರತಮ್ಯದ ವಿರುದ್ಧ ಜಗತ್ತಿನ ತುಂಬಾ ಗದ್ದಲ ಎದ್ದಾಗ ಕಂಪನಿ ಅದರ ಹೆಸರು ಬದಲಿಸಿ ‘ಗ್ಲೋ ಅಂಡ್ ಲವ್ಲಿ’ ಮಾಡಿತು. ಹೆಚ್ಚುಕಡಿಮೆ ಅರ್ಧ ಶತಮಾನ ಆ ಹೆಸರು ಮನೆಮನೆಯಲ್ಲಿ ಓಡಾಡಿತು. ಡಬ್ಬಿಯ ಮೇಲಿನ ಹೆಸರು ಹೋಯಿತು, ಸ್ಟುಡಿಯೊದ ಮೌಸ್ ಇನ್ನೂ ಅದೇ ಕಡೆಗೆ ಎಳೆಯುತ್ತಿದೆ. ಹೆಣ್ಣು ನೋಡಲು ಬಂದವರ ಮುಂದೆ ನಮ್ಮ ಮನೆಗಳಲ್ಲಿ ಏನು ಮಾತು ಬರುತ್ತದೆ ಅನ್ನುವುದು ನಿಮಗೇ ಗೊತ್ತು. ಅದನ್ನು ಇಲ್ಲಿ ಉದ್ದ ಎಳೆಯುವುದಿಲ್ಲ.

ಬಣ್ಣಕ್ಕಿಂತ ಹೆಚ್ಚಾಗಿ ನಮ್ಮ ಭಾಗದ ಮಕ್ಕಳು ಮುಚ್ಚಿಡುವುದು ತಮ್ಮ ಮಾತನ್ನು.

ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬರುತ್ತಿದ್ದೆ. ಎದುರಿನ ಸೀಟಿನಲ್ಲಿ ನಿಮ್ಮಷ್ಟೇ ವಯಸ್ಸಿನ ಹುಡುಗ, ಕೊರಳಲ್ಲಿ ಐಟಿ ಕಂಪನಿಯ ಪಟ್ಟಿ. ಗಾಡಿ ಬಿಟ್ಟ ಸ್ವಲ್ಪ ಹೊತ್ತಿಗೆ ಆಫೀಸಿನವರ ಫೋನ್ ಬಂತು. ‘ಹೌದು ಗುರು, ಕಳಿಸ್ತೀನಿ, ನಾಳೆ ನೋಡ್ಬಿಡಿ’ ಅಂತ ಅಚ್ಚ ಬೆಂಗಳೂರು ಕನ್ನಡದಲ್ಲಿ ಮಾತಾಡಿದ. ಆಮೇಲೆ ಅವ್ವನ ಫೋನು. ಹುಡುಗ ಕಿಟಕಿ ಕಡೆ ತಿರುಗಿದ, ಕೈ ಅಡ್ಡ ಹಿಡಿದ, ದನಿ ಇಳಿಸಿದ. ‘ಹೂಂ... ಉಂಡೀನಿ... ಹೂಂ... ಇಡ್ತೀನಿ.’ ಅಷ್ಟೇ. ನಮ್ಮ ಊರಿಗೆ ಬರುವ ಈ ಗಾಡಿ ರಾತ್ರಿಯೆಲ್ಲ ಆಂಧ್ರದ ಅನಂತಪುರ, ಗುಂತಕಲ್ ದಾಟಿಕೊಂಡು ಬರುತ್ತದೆ. ಬೆಳಿಗ್ಗೆ ರಾಯಚೂರು ಬಿಟ್ಟು, ಕೃಷ್ಣಾ ಸೇತುವೆ ದಾಟಿ, ಯಾದಗಿರಿ ಹತ್ತಿರ ಬಂದಾಗ ಮತ್ತೆ ಅವ್ವನ ಫೋನ್ ಬಂತು. ಅದೇ ಹುಡುಗ, ಅದೇ ಸೀಟು. ‘ಯವ್ವಾ, ಯಾದಗಿರಿ ಬಂತು ನೋಡು! ರೊಟ್ಟಿ ಮಾಡೀದಿ ಇಲ್ಲೋ? ಹಿಂಡಿ ಬೇಕ್ ನನಗ. ಕಾಕಾಗ ಗಾಡಿ ತಗೊಂಡು ಟೇಷನ್ನಿಗಿ ಬಾ ಅನ್ನು!’ ಇಡೀ ಬೋಗಿಗೆ ಕೇಳಿಸುವಂತೆ ಮಾತಾಡುತ್ತಿದ್ದ. ಕಲಬುರಗಿಯಲ್ಲಿ ಇಳಿಯುವಾಗ ನನಗೇ ‘ಅತ್ತೀ, ಬ್ಯಾಗ್ ಇಳಸ್ಲೇನ್ರೀ?’ ಅಂದ. ರಾತ್ರಿ ಅದೇ ಹುಡುಗ ನನ್ನನ್ನು ‘ಆಂಟಿ’ ಅಂದಿದ್ದ.

ಇದನ್ನು ಕೇಳಿ ನಗು ಬರುತ್ತದೆ, ಬರಲಿ. ಇಬ್ಬರ ಹತ್ತಿರ ಎರಡು ಥರ ಮಾತಾಡುವುದರಲ್ಲಿ ತಪ್ಪೇನೂ ಇಲ್ಲ. ನಾನೂ ಇಲ್ಲಿ ವೇದಿಕೆ ಮೇಲೆ ಒಂದು ಥರ, ಮನೆಯಲ್ಲಿ ಇನ್ನೊಂದು ಥರ ಮಾತಾಡುತ್ತೇನೆ. ನನಗೆ ಕಾಡಿದ್ದು ಆ ಅಡ್ಡ ಹಿಡಿದ ಕೈ. ಬೋಗಿಯಲ್ಲಿ ಇದ್ದವರೆಲ್ಲ ಅಪರಿಚಿತರು, ಅರ್ಧ ಜನ ನಿದ್ದೆಯಲ್ಲಿದ್ದರು. ಅವನ ಅವ್ವ ಹೇಗೆ ಮಾತಾಡುತ್ತಾಳೆ ಅನ್ನುವುದು ಯಾರಿಗೂ ಬೇಕಿರಲಿಲ್ಲ. ಆದರೂ ಅವನು ಕಾವಲು ಕಾಯುತ್ತಿದ್ದ. ಬೆಂಗಳೂರಿನಲ್ಲಿ ಇರುವಷ್ಟು ದಿನವೂ ಅದೇ ಕಾವಲು. ಆಫೀಸಿನಲ್ಲಿ ಎಂಟೊಂಬತ್ತು ತಾಸು ದುಡಿದು, ಅದರ ಮೇಲೆ ಈ ಇನ್ನೊಂದು ದುಡಿಮೆ. ಇದಕ್ಕೆ ಪಗಾರ ಯಾರೂ ಕೊಡುವುದಿಲ್ಲ.

ನಮ್ಮ ಮಾತು ಹೀಗಿರುವುದಕ್ಕೆ ಕಾರಣಗಳಿವೆ. 1948ರ ಸೆಪ್ಟೆಂಬರ್‌ವರೆಗೆ ಈ ಭಾಗ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿ, ಕೋರ್ಟು, ಶಾಲೆ ಎಲ್ಲ ಕಡೆ ಉರ್ದು ನಡೆಯುತ್ತಿತ್ತು. 1956ರ ನವೆಂಬರ್ 1ರಂದು ನಾವು ಕನ್ನಡ ರಾಜ್ಯಕ್ಕೆ ಸೇರಿದೆವು. ಒಂದು ಕಡೆ ಮರಾಠಿ, ಇನ್ನೊಂದು ಕಡೆ ತೆಲುಗು. ಹಾಗಾಗಿ ‘ಖರೇ’, ‘ಬರಾಬರ್’, ‘ಪರೇಶಾನ್’ ಇಲ್ಲದೆ ನಮಗೆ ಒಂದು ದಿನವೂ ಕಳೆಯುವುದಿಲ್ಲ. ಇದನ್ನು ಕೇಳಿ ‘ನಿಮ್ಮದೇನು ಕನ್ನಡಾನಾ?’ ಅಂತ ಕೇಳುವವರಿಗೆ ಮಳಖೇಡದ ಕಥೆ ಹೇಳಿ. ಇಲ್ಲೇ ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಇವತ್ತಿಗೆ ಸಿಕ್ಕಿರುವ ಕನ್ನಡದ ಅತಿ ಹಳೆಯ ಗ್ರಂಥ ಕವಿರಾಜಮಾರ್ಗ ಹುಟ್ಟಿದ್ದು 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ. ಆ ಗ್ರಂಥದಲ್ಲೇ ಒಂದು ಮಾತು ಬರುತ್ತದೆ: ಕನ್ನಡಗಳು ಹಲವು, ದೇಸಿ ಬೇರೆ ಬೇರೆ, ಅವುಗಳ ತಪ್ಪು ಎಣಿಸಲು ಹೊರಟರೆ ವಾಸುಕಿಗೂ ಬೇಸರ ಬಂದೀತು ಅಂತ. ಹಾವುಗಳ ರಾಜನಿಗೇ ಆಗದ ಕೆಲಸವನ್ನು ಇವತ್ತು ಪಿಜಿಯ ರೂಮ್‌ಮೇಟ್ ಮಾಡಲು ಹೊರಟಿರುತ್ತಾನೆ. ಒಂದು ಮಾತು ಮಾತ್ರ ಮುಚ್ಚಿಡಬಾರದು. ಕನ್ನಡದ ತಿರುಳು ಎಲ್ಲಿದೆ ಅಂತ ಅದೇ ಗ್ರಂಥ ನಾಲ್ಕು ಊರುಗಳ ಹೆಸರು ಹೇಳುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಮಳಖೇಡ ಆ ಪಟ್ಟಿಯಲ್ಲಿಲ್ಲ! ರಾಜಧಾನಿಯಲ್ಲಿ ಕೂತು ಬರೆದವರು ರಾಜಧಾನಿಯ ಮಾತೇ ಶ್ರೇಷ್ಠ ಅನ್ನಲಿಲ್ಲ. ಇದನ್ನು ಬೆಂಗಳೂರಿನವರೂ ಓದಬೇಕು.

ಸರಿ, ಜನ ನಿಜವಾಗಿ ನಮ್ಮನ್ನು ಎಷ್ಟು ಗಮನಿಸುತ್ತಾರೆ? ಇದಕ್ಕೆ ಒಂದು ಚಂದದ ಪ್ರಯೋಗ ಆಗಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು 2000ದಲ್ಲಿ ಅದನ್ನು ಪ್ರಕಟಿಸಿದರು. ಒಬ್ಬ ವಿದ್ಯಾರ್ಥಿಗೆ ಒಂದು ಟೀ ಶರ್ಟ್ ಹಾಕಿಸಿದರು. ಅದರ ಮೇಲೆ ಒಬ್ಬ ಗಾಯಕನ ದೊಡ್ಡ ಮುಖ. ಆ ವಯಸ್ಸಿನ ಹುಡುಗರಿಗೆ ಅದನ್ನು ಹಾಕಿಕೊಳ್ಳಲು ನಾಚಿಕೆ. ಹಾಕಿಸಿ, ಬೇರೆ ವಿದ್ಯಾರ್ಥಿಗಳು ಕೂತಿದ್ದ ಕೋಣೆಯೊಳಗೆ ಕಳಿಸಿದರು. ಸ್ವಲ್ಪ ಹೊತ್ತಿಗೆ ಹೊರಗೆ ಕರೆದು ‘ಎಷ್ಟು ಜನ ನಿನ್ನ ಶರ್ಟಿನ ಮೇಲಿನ ಮುಖ ನೋಡಿರಬಹುದು?’ ಅಂತ ಕೇಳಿದರು. ಹಾಕಿಕೊಂಡವರು ಹೆಚ್ಚುಕಡಿಮೆ ಅರ್ಧದಷ್ಟು ಜನ ಅಂದರು. ಒಳಗಿದ್ದವರನ್ನು ಕೇಳಿದರೆ ನಾಲ್ಕರಲ್ಲಿ ಒಬ್ಬರಿಗೆ ಮಾತ್ರ ಅದು ನೆನಪಿತ್ತು. ಉಳಿದವರು ಬಹುಶಃ ತಮ್ಮ ತಮ್ಮ ಶರ್ಟಿನ ಚಿಂತೆಯಲ್ಲಿದ್ದರು.

ನಿಮ್ಮ ಹರಿದ ಚಪ್ಪಲಿ, ಮುಖದ ಮೊಡವೆ, ಸೆಮಿನಾರಿನಲ್ಲಿ ತಡವರಿಸಿದ ಒಂದು ವಾಕ್ಯ ಇವೆಲ್ಲ ಈ ಲೆಕ್ಕದಲ್ಲೇ ಬರುತ್ತವೆ. ಆದರೆ ಆ ನಾಲ್ಕರಲ್ಲಿ ಒಬ್ಬರು ಇದ್ದಾರಲ್ಲ, ಅವರು ಸುಳ್ಳಲ್ಲ. ಯಾರೂ ನೋಡಲ್ಲ, ಯಾರೂ ನಗಲ್ಲ ಅಂತ ನಾನು ಹೇಳಿದರೆ ನೀವೇ ನಂಬುವುದಿಲ್ಲ. ನಗುವವರು ಇದ್ದೇ ಇರುತ್ತಾರೆ.

ಹಾಗಾದರೆ ಮಾಡೋದೇನು? ಇಲ್ಲಿ ಇನ್ನೊಂದು ಹಳೆಯ ಪ್ರಯೋಗ ನನಗೆ ಬಹಳ ಇಷ್ಟ. 1950ರ ದಶಕದ ಶುರುವಿನಲ್ಲಿ ಸೊಲೊಮನ್ ಆಶ್ ಅನ್ನುವ ಮನಶ್ಶಾಸ್ತ್ರಜ್ಞರು ಮಾಡಿದ್ದು. ಒಂದು ಕಾಗದದ ಮೇಲೆ ಒಂದು ಗೆರೆ, ಇನ್ನೊಂದರ ಮೇಲೆ ಮೂರು ಗೆರೆ. ಮೊದಲನೆಯದಕ್ಕೆ ಸರಿಸಮ ಇರುವ ಗೆರೆ ಯಾವುದು ಅಂತ ಹೇಳಬೇಕು, ಅಷ್ಟೇ. ಸಣ್ಣ ಮಕ್ಕಳೂ ಹೇಳಬಹುದು. ಆದರೆ ಕೋಣೆಯಲ್ಲಿದ್ದವರಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಮೊದಲೇ ಹೇಳಿಕೊಟ್ಟು ಕೂರಿಸಿದ ಜನ. ಅವರೆಲ್ಲ ಬೇಕಂತಲೇ ಒಂದೇ ತಪ್ಪು ಉತ್ತರ ಹೇಳುತ್ತಾ ಬಂದರು. ಪಾಪ, ಆ ಒಬ್ಬನ ಸರದಿ ಕೊನೆಗೆ. ಕಣ್ಣಿಗೆ ಕಾಣುವುದು ಒಂದು, ಎಲ್ಲರೂ ಹೇಳುವುದು ಇನ್ನೊಂದು. ಹೀಗೆ ಪರೀಕ್ಷೆಗೆ ಕೂತವರಲ್ಲಿ ನೂರಕ್ಕೆ ಸುಮಾರು 75 ಜನ ಒಮ್ಮೆಯಾದರೂ ಗುಂಪಿನ ಜೊತೆ ಸೇರಿ ತಪ್ಪು ಉತ್ತರ ಹೇಳಿದರು.

ಇದನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿ ‘ನೋಡಿ, ಮನುಷ್ಯ ಎಷ್ಟು ಪುಕ್ಕಲ’ ಅನ್ನುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಮುಂದಿನ ಭಾಗ. ಆಶ್ ಆ ಗುಂಪಿನಲ್ಲಿ ಒಬ್ಬನಿಗೆ ಮಾತ್ರ ಸರಿ ಉತ್ತರ ಹೇಳಲು ಹೇಳಿದರು. ಒಬ್ಬನೇ ಒಬ್ಬ. ಉಳಿದವರು ಅದೇ ತಪ್ಪು ಹೇಳುತ್ತಲೇ ಇದ್ದರು. ಆದರೂ ಪರೀಕ್ಷೆಗೆ ಕೂತವನು ಗುಂಪಿಗೆ ತಲೆಬಾಗುವುದು ಬಹುಪಾಲು ನಿಂತೇಹೋಯಿತು.

ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ. ತನ್ನನ್ನು ತಾನು ಒಪ್ಪಿಕೊಳ್ಳುವುದನ್ನು ಒಬ್ಬರೇ ಕೂತು, ಕಣ್ಣು ಮುಚ್ಚಿ, ಧೈರ್ಯ ತಂದುಕೊಂಡು ಮಾಡುವ ಕೆಲಸ ಅಂದುಕೊಂಡಿದ್ದೇವೆ. ಧೈರ್ಯ ಇಲ್ಲದವರದು ತಪ್ಪು ಅನ್ನುತ್ತೇವೆ. ಪಕ್ಕದಲ್ಲಿ ಒಬ್ಬರು ಬೇಕಾಗುತ್ತಾರೆ. ನಾಲ್ಕು ಜನ ನಗುವಾಗ ನಗದೇ ಕೂತಿರುವ ಒಬ್ಬರು. ಬೆಂಗಳೂರಿನ ಹಾಸ್ಟೆಲಿನಲ್ಲಿ ನಮ್ಮ ಕಡೆಯ ಇಬ್ಬರು ಒಂದೇ ರೂಮಿನಲ್ಲಿ ಸಿಕ್ಕಿಬಿಟ್ಟರೆ ಏನಾಗುತ್ತದೆ ನೋಡಿದ್ದೀರಾ? ಒಂದೇ ವಾರದಲ್ಲಿ ಇಡೀ ಕಾರಿಡಾರಿಗೆ ‘ಯಾಕ್ ಬೇ’ ಕಲಿಸಿಬಿಡುತ್ತಾರೆ.

ಇದಕ್ಕೆ ಅಮೆರಿಕದವರೆಗೆ ಹೋಗಬೇಕಾಗಿಯೂ ಇಲ್ಲ. ಬಸವಕಲ್ಯಾಣ ಇಲ್ಲಿಂದ ಅಜಮಾಸು ಎರಡು ತಾಸಿನ ದಾರಿ. 12ನೇ ಶತಮಾನದಲ್ಲಿ ಅಲ್ಲಿ ಸೇರಿದ ಜನರ ಹೆಸರುಗಳನ್ನು ಒಮ್ಮೆ ನಿಧಾನವಾಗಿ ಓದಿ. ಮಡಿವಾಳ ಮಾಚಿದೇವ. ಹಡಪದ ಅಪ್ಪಣ್ಣ. ತುರುಗಾಹಿ ರಾಮಣ್ಣ. ಡೋಹರ ಕಕ್ಕಯ್ಯ. ನುಲಿಯ ಚಂದಯ್ಯ. ಕೊಟ್ಟಣದ ಸೋಮವ್ವೆ. ಬಟ್ಟೆ ಒಗೆಯುವವರು, ದನ ಕಾಯುವವರು, ತೊಗಲು ಹದ ಮಾಡುವವರು, ಹಗ್ಗ ಹೊಸೆಯುವವರು, ಭತ್ತ ಕುಟ್ಟುವವರು. ಊರು ಯಾವುದನ್ನು ಹಿಡಿದು ಅವರನ್ನು ಕೀಳಾಗಿ ನೋಡುತ್ತಿತ್ತೋ ಅದನ್ನೇ ಹೆಸರಿನ ಮುಂದೆ ಇಟ್ಟುಕೊಂಡರು. ಬಹಳಷ್ಟು ಶರಣರು ವಚನದ ಕೊನೆಗೆ ತಮ್ಮ ಇಷ್ಟದೈವದ ಹೆಸರು ಹಾಕಿದರೆ, ಅಂಬಿಗರ ಚೌಡಯ್ಯ ತನ್ನದೇ ಹೆಸರು ಹಾಕಿದ. ಕಸುಬೂ ಸೇರಿಸಿ. ದೋಣಿ ನಡೆಸುವವನ ರುಜು ಅದು. ಸಂಕವ್ವೆ ಅನ್ನುವ ಹೆಂಗಸು ತಾನು ಸೂಳೆಯಾಗಿದ್ದೆ ಅನ್ನುವುದನ್ನು ಮುಚ್ಚಿಡಲಿಲ್ಲ. ಅವಳದು ಇವತ್ತಿಗೆ ಒಂದೇ ವಚನ ಉಳಿದಿದೆ. ಅದರ ಅಂಕಿತ ‘ನಿರ್ಲಜ್ಜೇಶ್ವರ’. ಲಜ್ಜೆ ಇಲ್ಲದ ದೇವರು! ಎಂಟು ನೂರು ವರ್ಷದ ಹಿಂದೆ ಒಬ್ಬ ಹೆಂಗಸು ಆ ಹೆಸರಿನ ದೇವರ ಮುಂದೆ ನಿಂತು ಮಾತಾಡಿದ್ದಾಳೆ.

ಈ ಧೈರ್ಯ ಅವರಿಗೆ ಎಲ್ಲಿಂದ ಬಂತು? ಅವರೆಲ್ಲ ಬೇರೆ ಬೇರೆ ಊರಿನಲ್ಲಿ ಒಬ್ಬೊಬ್ಬರೇ ಇದ್ದಿದ್ದರೆ ಇದು ಆಗುತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ. ಪಕ್ಕದಲ್ಲಿ ಕೂತವನು ಕೂಡ ತನ್ನ ಕಸುಬನ್ನು ಹೇಳಿಕೊಂಡೇ ಕೂತಿದ್ದ. ಮಂತ್ರಿಯಾಗಿದ್ದ ಬಸವಣ್ಣ ಅವರನ್ನು ಅಪ್ಪ, ಅಣ್ಣ ಅಂತ ಕರೆಯುತ್ತಿದ್ದ. ಅದಕ್ಕೆ ಅವರು ಕೊಟ್ಟ ಬೆಲೆಯೂ ದೊಡ್ಡದೇ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ ಆಯಿತು. ಆ ಇಬ್ಬರು ಬೀಗರಿಗೂ ಮರಣದಂಡನೆ ಆಯಿತು, ಶರಣರು ಕಲ್ಯಾಣ ಬಿಟ್ಟು ಚದುರಿದರು ಅಂತ ಪರಂಪರೆ ಹೇಳುತ್ತದೆ. ‘ನೀನು ನೀನಾಗಿರು, ಎಲ್ಲ ಸರಿಹೋಗುತ್ತದೆ’ ಅಂತ ಸುಲಭವಾಗಿ ಹೇಳುವವರಿಗೆ ಈ ಕಥೆ ಗೊತ್ತಿರಲಿ.

ಅದಕ್ಕೇ ಮುಚ್ಚಿಡುವವರನ್ನು ನಾನು ಬೈಯುವುದಿಲ್ಲ. ನಮ್ಮ ಊರಲ್ಲೂ ಸರಿ, ಬೆಂಗಳೂರಲ್ಲೂ ಸರಿ, ಬಾಡಿಗೆ ಮನೆ ಕೇಳಲು ಹೋದರೆ ಅಡ್ವಾನ್ಸ್ ಎಷ್ಟು ಅನ್ನುವ ಮೊದಲು ಏನು ಕೇಳುತ್ತಾರೆ? ‘ಪೂರಾ ಹೆಸರೇನು? ಅಡ್ಡಹೆಸರು? ನಿಮ್ಮದು ಯಾವ ಮಂದಿ? ಮನೆಯಲ್ಲಿ ಏನೇನು ಉಣ್ಣುತ್ತೀರಿ?’ ಒಂದು ಸೂರಿಗಾಗಿ ಹೆಸರನ್ನು ಅರ್ಧಕ್ಕೆ ನುಂಗುವ ಹುಡುಗ ಸುಳ್ಳುಗಾರ ಅಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ದೊಡ್ಡ ಹುದ್ದೆಗೆ ಸೇರಲು ಹೋದ ಅಂಬೇಡ್ಕರ್ ಅವರಿಗೇ ಆ ಊರಿನಲ್ಲಿ ಉಳಿಯಲು ಜಾಗ ಸಿಗಲಿಲ್ಲ. ಪಾರಸಿ ವಸತಿಗೃಹವೊಂದರಲ್ಲಿ ಪಾರಸಿ ಹೆಸರು ಬರೆಸಿ ಉಳಿದರು. ಗೊತ್ತಾದಾಗ ಜನ ಕೋಲು ಹಿಡಿದು ಬಂದು ಹೊರಗೆ ಹಾಕಿದರು. ಅವರು ಆ ದಿನ ಹೊತ್ತು ಮುಳುಗುವವರೆಗೆ ಊರಿನ ಒಂದು ಉದ್ಯಾನದಲ್ಲಿ ಕೂತು, ಬೊಂಬಾಯಿಯ ರೈಲು ಹಿಡಿದರು. ಅವರಿಗೆ ತಾನು ಯಾರು ಅನ್ನುವುದರಲ್ಲಿ ಅನುಮಾನವಿತ್ತೇ? ಇರಲಿಲ್ಲ. ತಮ್ಮನ್ನು ತಾವು ಒಪ್ಪಿಕೊಂಡಿದ್ದರು, ಊರು ಅವರನ್ನು ಒಪ್ಪಿಕೊಂಡಿರಲಿಲ್ಲ. ಈ ಎರಡನ್ನೂ ಒಂದೇ ಮಾಡಿ ಮಕ್ಕಳಿಗೆ ಉಪದೇಶ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಬಾಗಿಲಲ್ಲಿ ನಿಂತು ಕೇಳುವವರಿಗೆ ಉಪದೇಶ ಮಾಡಬೇಕು.

ಬಾಗಿಲು ಕೆಲವು ಕಡೆ ತೆರೆದಿದೆ ಕೂಡ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ತಾನು ಗಂಡೋ, ಹೆಣ್ಣೋ, ಇವೆರಡೂ ಅಲ್ಲದ ಮೂರನೆಯ ಲಿಂಗವೋ ಅಂತ ತೀರ್ಮಾನ ಮಾಡುವ ಹಕ್ಕು ಆ ವ್ಯಕ್ತಿಯದೇ ಅಂತ. 2021ರಲ್ಲಿ ಕರ್ನಾಟಕ ಸರ್ಕಾರಿ ನೌಕರಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1ರಷ್ಟು ಮೀಸಲಾತಿ ಇಟ್ಟಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ನಮ್ಮದು. ಯಾದಗಿರಿ ಜಿಲ್ಲೆಯ ಮುದನೂರಿನ ನೇಕಾರ ಜೇಡರ ದಾಸಿಮಯ್ಯ, ಒಳಗೆ ಸುಳಿಯುವ ಆತ್ಮ ಹೆಣ್ಣೂ ಅಲ್ಲ ಗಂಡೂ ಅಲ್ಲ ಅಂತ ಬಸವಣ್ಣನಿಗೂ ಮುಂಚೆಯೇ ಹೇಳಿದ್ದ. ನಾವು ಅದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿ ಅಂಕ ತಗೊಂಡೆವು. ಆಮೇಲೆ ಸಿಗ್ನಲ್‌ನಲ್ಲಿ ಆಟೊ ಹತ್ತಿರ ಬಂದು ಕೈ ಚಾಚಿದವರನ್ನು ನೋಡಿ ಮುಖ ತಿರುಗಿಸಿದೆವು.

ಈಗ ಸ್ವಲ್ಪ ಖಾರದ ಮಾತು. ‘ನಾ ಇರೋದೇ ಹಿಂಗ’ ಅನ್ನುವವರು ನಮ್ಮಲ್ಲಿ ಜಾಸ್ತಿ. ಹೆಂಡತಿ ಮೇಲೆ ಚೀರಾಡುತ್ತಾರೆ, ‘ನಂದು ಬಾಯಿ ಅಷ್ಟೇ ಜೋರು, ಮನಸ್ಸು ಸಾಫ್’ ಅನ್ನುತ್ತಾರೆ. ಕ್ಲಾಸಿಗೆ ತಡವಾಗಿ ಬಂದು ‘ನನ್ನ ಸ್ವಭಾವಾನೇ ಹಂಗ್ರೀ ಸರ್’ ಅನ್ನುತ್ತಾರೆ. ಇಂಥವರು ತಮ್ಮನ್ನು ತಾವು ಒಪ್ಪಿಕೊಂಡಿಲ್ಲ, ಬೇರೆಯವರು ಸಹಿಸಿಕೊಳ್ಳಲಿ ಅಂತ ಹಟ ಹಿಡಿದಿದ್ದಾರೆ. ನಿಜವಾಗಿ ಒಪ್ಪಿಕೊಂಡವರು ‘ಹೌದು, ನಾನು ಚೀರಾಡುತ್ತೇನೆ’ ಅನ್ನುತ್ತಾರೆ. ಅಲ್ಲಿಗೆ ಅದು ತಿದ್ದಬಹುದಾದ ವಿಷಯ ಆಗುತ್ತದೆ. ಇಂಗ್ಲಿಷ್ ವಿಷಯವೂ ಹಾಗೇ. ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ, ನನಗೆ ಇಂಗ್ಲಿಷ್ ಬರೋದು ಇಷ್ಟು ಅಂತ ನಾಚಿಕೆಯಿಲ್ಲದೆ ಹೇಳುವ ಹುಡುಗಿ ನಾಳೆ ಹೋಗಿ ಕಲಿಯುತ್ತಾಳೆ. ಬರುತ್ತದೆ ಅಂತ ನಟಿಸುವವಳು ಯಾರನ್ನೂ ಏನೂ ಕೇಳಲಾರಳು. ಕೇಳಿದರೆ ಗುಟ್ಟು ಬಯಲಾಗುತ್ತದಲ್ಲ!

ಒಂದು ಊರು, ಒಂದು ಸೀಮೆಗೂ ಈ ಮಾತು ಸಲ್ಲುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಪೇಪರಿನಲ್ಲಿ ಜಿಲ್ಲೆಗಳ ಪಟ್ಟಿ ಬರುತ್ತದೆ. 2024ರಲ್ಲಿ ಕೊನೆಯ ಸ್ಥಾನ ಯಾದಗಿರಿಯದು, 2025ರಲ್ಲಿ ನಮ್ಮ ಕಲಬುರಗಿಯದು. ಆ ದಿನ ಪಟ್ಟಿಯ ಪುಟ ತಿರುಗಿಸಿಬಿಡುವವರೂ ಇದ್ದಾರೆ, ‘ನಮ್ಮ ನಸೀಬೇ ಇಷ್ಟು’ ಅನ್ನುವವರೂ ಇದ್ದಾರೆ. ಎರಡರಿಂದಲೂ ಉಪಯೋಗ ಇಲ್ಲ. ಈ ಭಾಗದವರು ದಶಕಗಳ ಕಾಲ ಬೇರೆ ರೀತಿಯಲ್ಲಿ ಹೋರಾಡಿದರು. ವೈಜನಾಥ ಪಾಟೀಲರಂಥವರು ‘ಹೌದು, ನಾವು ಹಿಂದೆ ಇದ್ದೇವೆ, ಯಾಕೆ ಹಿಂದೆ ಇದ್ದೇವೆ ಅಂತಲೂ ಗೊತ್ತಿದೆ, ಈಗ ನಮ್ಮ ಪಾಲು ಕೊಡಿ’ ಅಂತ ಗಟ್ಟಿಯಾಗಿ ಕೇಳಿದರು. ಸಂವಿಧಾನದ 98ನೇ ತಿದ್ದುಪಡಿಯಾಗಿ, ಈ ಭಾಗದವರಿಗೆ ಸೀಟು, ನೌಕರಿಯಲ್ಲಿ ಪಾಲು ಕೊಡುವ 371(ಜೆ) ಕಲಂ ಬಂತು. ಇವತ್ತು ಇಲ್ಲಿ ಕೂತ ಎಷ್ಟೋ ಮಂದಿ ಆ ಕಲಮಿನ ಸರ್ಟಿಫಿಕೇಟ್ ಹಿಡಿದೇ ಸೀಟು ಪಡೆಯುತ್ತೀರಿ, ನೌಕರಿಗೆ ಅರ್ಜಿ ಹಾಕುತ್ತೀರಿ. ಹಿಂದುಳಿದಿದ್ದನ್ನು ಯಾರೂ ಹೇಳಿಕೊಳ್ಳದೇ ಮುಚ್ಚಿಟ್ಟಿದ್ದರೆ ಆ ಸರ್ಟಿಫಿಕೇಟೇ ಇರುತ್ತಿರಲಿಲ್ಲ. 2019ರಲ್ಲಿ ಸೀಮೆಯ ಹೆಸರು ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯಿತು. ಹೆಸರು ಚಂದ ಇದೆ. ಶಾಲೆಯಲ್ಲಿ ಗಣಿತದ ಮೇಷ್ಟ್ರ ಜಾಗ ಖಾಲಿ ಇದ್ದರೆ ಚಂದದ ಹೆಸರು ಪಾಠ ಮಾಡುವುದಿಲ್ಲ.

ಮಾತು ಇಲ್ಲಿಗೆ ಮುಗಿಸಿ, ಪ್ರಶ್ನೆಗಳಿದ್ದರೆ ಕೇಳಿ ಅಂದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. ‘ಮೇಡಂ, ಇಂಟರ್‌ವ್ಯೂದಾಗ ನಮ್ಮ ಭಾಷಾದಾಗ ಮಾತಾಡಿದ್ರ ಕೆಲಸ ಹೋಗ್ತದಲ್ರೀ?’ ಅಂದಳು. ಹೋಗಬಹುದು ಅಂತಲೇ ಹೇಳಿದೆ. ಎದುರಿಗೆ ಕೂತವರಿಗೆ ಅರ್ಥವಾಗುವ ಹಾಗೆ ಮಾತಾಡುವುದು ನಟನೆ ಅಲ್ಲ, ಅದು ಕಲಿಯಬಹುದಾದ ಕೆಲಸ, ಕಲಿತುಕೋ. ಆದರೆ ‘ಯಾವ ಊರು?’ ಅಂದಾಗ ಕಲಬುರಗಿ ಅನ್ನು. ಕೆಲವರು ‘ಹೈದರಾಬಾದ್ ಹತ್ತಿರ’ ಅನ್ನುತ್ತಾರೆ, ‘ಸೊಲ್ಲಾಪುರ ಸೈಡ್’ ಅನ್ನುತ್ತಾರೆ. ಅದು ಬೇಡ. ಅಪ್ಪ ಏನು ಮಾಡುತ್ತಾರೆ ಅಂತ ಕೇಳಿದರೆ ‘ಬಿಸಿನೆಸ್’ ಅನ್ನಬೇಡ, ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಾರೆ ಅಂತಲೇ ಹೇಳು. ಹೇಳಿ, ಎದುರಿನವರ ಮುಖ ನೋಡು. ಅವರ ಮುಖ ಬದಲಾದರೆ ಆ ಕಂಪನಿ ಎಂಥದ್ದು ಅಂತ ನಿನಗೂ ಗೊತ್ತಾಗುತ್ತದೆ. ಇಂಟರ್‌ವ್ಯೂ ಅನ್ನುವುದು ಎರಡೂ ಕಡೆಯವರದು. ಹುಡುಗಿ ‘ನಮ್ಮಪ್ಪ ಹಮಾಲ ಅಲ್ಲರೀ, ಆಟೊ ನಡಸ್ತಾರ’ ಅಂದಳು. ಕ್ಲಾಸು ನಕ್ಕಿತು. ಅವಳೂ ನಕ್ಕಳು.

ಇನ್ನೊಂದು ಪ್ರಶ್ನೆ ಚೀಟಿಯಲ್ಲಿ ಬಂತು, ಹೆಸರಿರಲಿಲ್ಲ. ‘ನನ್ನ ವಿಷಯ ಮನೆಯಲ್ಲಿ ಗೊತ್ತಾದರೆ ಹೊರಗೆ ಹಾಕುತ್ತಾರೆ. ನಾನು ಏನು ಮಾಡಬೇಕು?’ ಅಂತ ಬರೆದಿತ್ತು. ವಿಷಯ ಏನು ಅಂತ ಬರೆದಿರಲಿಲ್ಲ, ನನಗೆ ಅದು ಬೇಕಾಗಿಯೂ ಇಲ್ಲ. ಹೀಗೆ ಉತ್ತರ ಕೊಟ್ಟೆ. ಇವತ್ತೇ ಹೇಳಬೇಕು ಅಂತ ಯಾವ ಕಾನೂನೂ ಇಲ್ಲ. ಹೇಳದೇ ಇರುವುದಕ್ಕೆ ನೀವು ಹೇಡಿಗಳಾಗುವುದಿಲ್ಲ. ಡಿಗ್ರಿ ಮುಗಿಸಿ, ಕೈಯಲ್ಲಿ ನಾಲ್ಕು ಕಾಸು ಬರಲಿ, ಹೊರಗೆ ಹಾಕಿದರೂ ಉಳಿಯಲು ಒಂದು ಜಾಗ ಇರಲಿ. ಅಲ್ಲಿಯವರೆಗೆ ಒಬ್ಬರಿಗೆ ಮಾತ್ರ ಹೇಳಿ. ಗೆಳತಿಯೋ, ಅಕ್ಕನೋ, ಮುತ್ಯಾನೋ, ಒಮ್ಮೊಮ್ಮೆ ನಾವು ನೆನೆಸದವರೇ ಅರ್ಥಮಾಡಿಕೊಳ್ಳುತ್ತಾರೆ. ಅಂಥ ಒಬ್ಬರೂ ಸದ್ಯಕ್ಕೆ ಇಲ್ಲ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಇದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಂಬರ್ ಇನ್ನೊಮ್ಮೆ ಹೇಳ್ರೀ ಮೇಡಂ ಅಂತ ಹಿಂದಿನಿಂದ ಯಾರೋ ಕೂಗಿದರು. ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ. ಎಷ್ಟು ಜನ ಬರೆದುಕೊಂಡರು ಅಂತ ನಾನು ತಿರುಗಿ ನೋಡಲಿಲ್ಲ.